ಮಂಜಿನಲ್ಲಿ ರನ್‌ವೇ ದೀಪ ಕಾಣುತ್ತಾ?

ಪ್ರಶ್ನೆ: ಚಳಿಗಾಲದ ಬೆಳಗ್ಗೆ ದೇವನಹಳ್ಳಿ ಕಡೆ ಎದುರಿನ ಲಾರಿಯೇ ಕಾಣಲ್ಲ. ಪೈಲಟ್‌ಗೆ ರನ್‌ವೇ ದೀಪ ಕಾಣುತ್ತೋ ಇಲ್ವೋ ಅಂತ ಕಂಪ್ಯೂಟರಲ್ಲೇ ಪರೀಕ್ಷಿಸಬಹುದಂತೆ, ಹೌದಾ?
– ಓದುಗರು, ಯಲಹಂಕ

ಉತ್ತರ: ಹೌದು. ಮಂಜಿಗೆ ಕಾಯುತ್ತಾ ಕೂತರೆ ಕೆಲಸ ಆಗಲ್ಲ, ಬಂದರೂ ಬೇಕಾದಷ್ಟೇ ದಟ್ಟವಾಗಿ ಬರಬೇಕಲ್ಲ! ಅದಕ್ಕೆ ಪ್ರತಿ ದೀಪದ ಜಾಗ, ಬಣ್ಣ, ಬೆಳಕಿನ ತೀವ್ರತೆ, ಕಿರಣ ಯಾವ ಕೋನಕ್ಕೆ ತಿರುಗಿದೆ ಅನ್ನೋದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನದ ಪೈಲಟ್ ಕಣ್ಣಿಗೆ ಎಷ್ಟು ದೀಪ ಕಾಣುತ್ತೆ ಅಂತ ಲೆಕ್ಕ ಹಾಕುತ್ತಾರೆ. ವಿಮಾನದ ಮೂತಿ ಮುಂದಿನ ನೆಲವನ್ನು ಸ್ವಲ್ಪ ಮರೆಮಾಡುತ್ತೆ, ಅದೂ ಲೆಕ್ಕಕ್ಕೆ ಸೇರಬೇಕು. ಆಮೇಲೆ ನೋಟದ ದೂರವನ್ನು 550 ಮೀಟರ್‌ನಿಂದ ಇಳಿಸುತ್ತಾ ಹೋಗೋದು. ರನ್‌ವೇ ಮಧ್ಯದ ಉದ್ದಕ್ಕೂ ಇರುವ ನಡುಗೆರೆ ದೀಪಗಳು ರನ್‌ವೇಯ ಕೊನೆಯ 900 ಮೀಟರ್‌ನಲ್ಲಿ ಕೆಂಪು-ಬಿಳಿ, ಕೊನೆಯ 300ರಲ್ಲಿ ಬರೀ ಕೆಂಪು. ಈ ಬದಲಾವಣೆ ಮಂಜಲ್ಲಿ ಗೊತ್ತಾಗುತ್ತಾ ಅನ್ನೋದೇ ನನ್ನ ಪ್ರಕಾರ ನಿಜವಾದ ಪರೀಕ್ಷೆ.

ಆದರೆ ದೀಪದ ಗಾಜಿನ ಮೇಲೆ ಕೂತ ಟೈರಿನ ರಬ್ಬರ್ ಮಸಿ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ಬೆಳಕು ಅಳೆಯುವ ಗಾಡಿಯನ್ನು ರನ್‌ವೇ ಮೇಲೆ ಓಡಿಸುತ್ತಾರೆ.