ಹಿಮದ ಬದಲು ಮಳೆ ಬಂದರೆ ಬೆಟ್ಟದ ಕಾಡಿಗೇನು ನಷ್ಟ? ನೀರು ನೀರೇ ಅಲ್ವಾ?

ನಿಮಗೆ ಬಂದ ಅನುಮಾನ ನನಗೂ ಬಂದಿತ್ತು. ನಾನು ತೀರ್ಥಹಳ್ಳಿ ಕಡೆಯವನು. ಮಳೆ ಎಷ್ಟು ಇಂಚು ಬಿತ್ತು ಅನ್ನುವುದರ ಮೇಲೆಯೇ ಆ ವರ್ಷ ಹೇಗಿತ್ತು ಅಂತ ಹೇಳುವವರ ಮನೆಯಲ್ಲಿ ಬೆಳೆದವನು. 2013ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊಗೆ ಬಂದ ಮೇಲೆ ಗೊತ್ತಾಯಿತು, ಬರೀ ಇಂಚಿನ ಲೆಕ್ಕ ಇಲ್ಲಿ ಸಾಲದು ಅಂತ. ಹಾಗಾಗಿ ಪಕ್ಕದಲ್ಲೇ ಇರುವ ಸಿಯೆರಾ ನೆವಾಡಾ ಬೆಟ್ಟಗಳನ್ನೇ ಹಿಡಿದು ಹೇಳುತ್ತೇನೆ.

ಊರಲ್ಲಿ ಮಳೆ ಜೂನ್‌ಗೆ ಬರುತ್ತದೆ. ಸಿಯೆರಾದಲ್ಲಿ ಉಲ್ಟಾ. ಬರುವುದೆಲ್ಲ ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ಬಂದು ಮುಗಿಯುತ್ತದೆ, ಬೇಸಿಗೆಯಲ್ಲಿ ಅಪರೂಪಕ್ಕೆ ಒಂದು ಗುಡುಗು ಮಳೆ ಬಿಟ್ಟರೆ ಏನೂ ಇಲ್ಲ. ಚಳಿಯಲ್ಲಿ ಮರ ಕುಡಿಯುವುದೇ ಕಡಿಮೆ, ಆಗ ಮಳೆ ಸುರಿದರೆ ಬೇಗ ಹೊಳೆ ಸೇರಿಬಿಡುತ್ತದೆ. ಅದೇ ನೀರು ಹಿಮವಾಗಿ ಬಿದ್ದರೆ ಅಲ್ಲೇ ಕೂತಿದ್ದು, ಬಿಸಿಲೇರಿ ಮರಕ್ಕೆ ಬಾಯಾರುವ ಹೊತ್ತಿಗೆ ಸರಿಯಾಗಿ ನಿಧಾನಕ್ಕೆ ಕರಗುತ್ತದೆ. ಅಡಿಕೆ ತೋಟಕ್ಕೆ ಡ್ರಿಪ್ ಹಾಕಿದ ಹಾಗೆ. ಹಿಮ ಮೂರು ವಾರ ಮುಂಚೆ ಖಾಲಿಯಾಯಿತೋ, ಒಣಗಾಲ ಮೂರು ವಾರ ಉದ್ದವಾಯಿತು ಅಂತ ಲೆಕ್ಕ.

ನನಗೆ ಆಶ್ಚರ್ಯವಾದದ್ದು ಇನ್ನೊಂದು. ಇಲ್ಲಿನ ಮರಗಳು ಬರೀ ಮೇಲ್ಮಣ್ಣಿನ ನೀರು ಕುಡಿದು ಬದುಕುವುದಿಲ್ಲ. ಕೆಳಗಿನ ಗ್ರಾನೈಟ್ ಕಾಲಾಂತರದಲ್ಲಿ ಶಿಥಿಲವಾಗಿ, ಎಷ್ಟೋ ಕಡೆ ಹಲವು ಮೀಟರ್ ಆಳದವರೆಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದು ಅವುಗಳ ಕಣಜ. ಒಂದು ವರ್ಷ ಹಿಮ ಕೈಕೊಟ್ಟರೆ ಕಣಜದಿಂದ ತೆಗೆದು ಉಣ್ಣುತ್ತವೆ, ಹೊರಗಿನವರಿಗೆ ಹಸಿರಾಗೇ ಕಾಣುತ್ತವೆ. 2012ರಲ್ಲಿ ಬರ ಶುರುವಾದಾಗಲೂ ಹಾಗೇ ಕಂಡವು. 2015ರ ಏಪ್ರಿಲ್ 1ಕ್ಕೆ ಅಳೆದರೆ ಹಿಮ ವಾಡಿಕೆಯ ಶೇ. 5 ಮಾತ್ರ! ಅವತ್ತು ಗವರ್ನರ್ ಜೆರ್ರಿ ಬ್ರೌನ್ ಹಿಮ ಅಳೆಯುವ ಜಾಗದಲ್ಲೇ ಒಣಹುಲ್ಲಿನ ಮೇಲೆ ನಿಂತು, ಊರುಗಳ ನೀರಿನ ಬಳಕೆಗೆ ಶೇ. 25 ಕಡಿತ ಅಂತ ಹೇಳಿದರು. ಅಷ್ಟರಲ್ಲಿ ಕಣಜದ ತಳ ಕಂಡಿತ್ತು.

ಆಮೇಲೆ ಬಂದದ್ದು ದುಂಬಿ. ಬಂದದ್ದು ಅನ್ನಬಾರದು, ಪಾಂಡೆರೋಸಾ ಪೈನ್ ತೊಗಟೆ ಕೊರೆಯುವ, ಅಕ್ಕಿಕಾಳಿನಷ್ಟಿರುವ ಆ ದುಂಬಿಗಳು ಯಾವಾಗಲೂ ಇದ್ದವೇ. ಮೈಯಲ್ಲಿ ನೀರಿರುವ ಮರ ರಾಳ ಉಕ್ಕಿಸಿ ಅವನ್ನು ಹೊರಗೆ ದಬ್ಬುತ್ತದೆ. ಒಣಗಿದ ಮರಕ್ಕೆ ರಾಳ ಎಲ್ಲಿಂದ ಬರಬೇಕು? 2016ರಲ್ಲಿ ಅಮ್ಮ ಬಂದಿದ್ದಾಗ ಶೇವರ್ ಲೇಕ್ ಕಡೆ ಕರೆದುಕೊಂಡು ಹೋದೆ. ಗುಡ್ಡಕ್ಕೆ ಗುಡ್ಡವೇ ಇಟ್ಟಿಗೆ ಬಣ್ಣ. "ಇಲ್ಲಿ ಈಗ ಎಲೆ ಉದುರೋ ಕಾಲವಾ?" ಅಂದರು. ಪೈನ್ ಹಾಗೆಲ್ಲ ಎಲೆ ಉದುರಿಸಲ್ಲ ಅಂತ ಹೇಳುವುದಕ್ಕೆ ಮನಸ್ಸಾಗದೆ ಸುಮ್ನೆ ಹೂಂ ಅಂದೆ. 2010ರಿಂದ 2017ರೊಳಗೆ ಕ್ಯಾಲಿಫೋರ್ನಿಯಾದಲ್ಲಿ 12.9 ಕೋಟಿ ಮರ ಸತ್ತಿವೆ ಅಂತ ಅಮೆರಿಕದ ಅರಣ್ಯ ಸೇವೆಯ ಲೆಕ್ಕ.

ಎಲ್ಲವನ್ನೂ ಹಿಮದ ತಲೆಗೆ ಕಟ್ಟುವುದೂ ತಪ್ಪು. ನೂರು ವರ್ಷ ಕಾಡ್ಗಿಚ್ಚನ್ನು ನಂದಿಸುತ್ತಲೇ ಬಂದದ್ದರಿಂದ ಮರಗಳು ಒತ್ತೊತ್ತಾಗಿ ಬೆಳೆದಿದ್ದವು. ಕಣಜ ಅಷ್ಟೇ, ಉಣ್ಣುವ ಬಾಯಿ ಜಾಸ್ತಿ. ನನ್ನ ಪ್ರಕಾರ ಇದೇನೂ ಸಣ್ಣ ಕಾರಣ ಅಲ್ಲ.

ಇನ್ನೂ ಮೇಲೆ ಹೋದರೆ ಲೆಕ್ಕವೇ ಬೇರೆ. ಇದೇ ಬೆಟ್ಟಸಾಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿರುವ ಟುವಾಲಮಿ ಹುಲ್ಲುಗಾವಲು ಸುಮಾರು 2600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮರಕ್ಕೆ ಕೊರತೆ ನೀರಿಗಿಂತ ಬೆಚ್ಚಗಿನ ದಿನಗಳದ್ದು. ಹಿಮ ಬೇಗ ಕರಗಿದ ವರ್ಷಗಳಲ್ಲಿ ಲಾಡ್ಜ್‌ಪೋಲ್ ಪೈನ್ ಸಸಿಗಳಿಗೆ ಹುಲ್ಲಿನ ನಡುವೆ ಬೇರೂರಲು ಪುರುಸೊತ್ತು ಸಿಗುತ್ತದೆ. ಕೆಳಗೆ ಕಾಡು ಸಾಯುವಾಗ ಮೇಲೆ ಹುಲ್ಲುಗಾವಲು ಕಾಡಾಗಲು ಹೊರಡುತ್ತದೆ, ವಿಚಿತ್ರ ನೋಡಿ.

2023ರ ಏಪ್ರಿಲ್‌ನಲ್ಲಿ ಹಿಮ ವಾಡಿಕೆಯ ಶೇ. 237 ಇತ್ತು. ಈಗ ಸರಿಹೋಯಿತಲ್ಲ ಅಂತ ಕೇಳುವವರಿದ್ದಾರೆ. ಕಣಜ ತುಂಬಿರಬಹುದು, ಆದರೆ ಸತ್ತ ದೊಡ್ಡ ಪೈನ್‌ಗಳ ಜಾಗದಲ್ಲಿ ಸೀಡರ್, ಓಕ್, ಪೊದೆಗಳು ಎದ್ದಿವೆ. ಶೇವರ್ ಲೇಕ್ ಸುತ್ತಮುತ್ತ ಒಣಗಿ ನಿಂತಿದ್ದ ಎಷ್ಟೋ ಮರಗಳನ್ನು 2020ರ ಕ್ರೀಕ್ ಫೈರ್ ಅನ್ನುವ ಕಾಡ್ಗಿಚ್ಚು ತಿಂದು ಹಾಕಿತು.

ನೀವು ಈ ಕಡೆ ಬಂದರೆ ಮೇ ತಿಂಗಳಲ್ಲಿ 168ನೇ ಹೆದ್ದಾರಿ ಹಿಡಿದು ಹಂಟಿಂಗ್‌ಟನ್ ಲೇಕ್‌ವರೆಗೆ ಹೋಗಿ. ಮರದ ನೆರಳಲ್ಲಿ ಉಳಿದ ಕೊಳಕು ಹಿಮದ ಗುಡ್ಡೆಯ ಬುಡದಿಂದ ನೀರು ಜಿನುಗುತ್ತಿರುತ್ತದೆ. ಡ್ರಿಪ್ ಅಂದೆನಲ್ಲ, ಅದೇ.