ಉತ್ತರ: ಚಿಗರಿ ಲೇನಿನ್ಯಾಗ ಸೈಕಲ್ ಹೊಡಿಬಹುದೇನು?
ಹುಬ್ಬಳ್ಳಿಯ ನವನಗರದಿಂದ ವಿದ್ಯಾನಗರಕ್ಕ ದಿನಾ ಸೈಕಲ್ ಮ್ಯಾಲೆ ಹೋಗಾಕ ಚಿಗರಿ ಲೇನು (ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಓಡಾಡೋ ಬ್ಯಾರೆ ದಾರಿ) ಖಾಲಿ ಇರ್ತೈತಲ್ಲ, ಅದರಾಗ ಹೋದ್ರ ನಡೀತೈತೇನು ಅಂತ ಕೇಳೀರಲ್ಲ, ಬ್ಯಾಡ್ರೀ ಸರ. ಅದು ಬಸ್ಸಿಗಷ್ಟ ಇಟ್ಟಿದ್ದು, ಹಿಂದ ಚಿಗರಿ ಜೋರ್ ಬಂತಂದ್ರ ಪಕ್ಕಕ್ಕ ಸರಿಯಾಕ ಜಾಗಾನ ಇರಂಗಿಲ್ಲ.

ಬೈರಿದೇವರಕೊಪ್ಪ, ಉಣಕಲ್ ಕಡೆಯಿಂದ ಮಾಮೂಲಿ ರಸ್ತೆದಾಗ ಎಡಕ್ಕ ಹಿಡಕೊಂಡು ಹೋಗ್ರಿ, ಆದ್ರ ಪೂರಾ ಅಂಚಿಗೆ ಅಲ್ಲ, ನಿಂತ ಕಾರಿನ ಬಾಗಿಲು ದಬಕ್ಕನ ತೆರೆದ್ರೂ ಬಡಿಬಾರ್ದು ಅಷ್ಟು ಬಿಟ್ಟು. ಗಟಾರದ ಜಾಳಿಗಿ ಸಂದು ಉದ್ದಕ್ಕ ಇದ್ರ ಸಣ್ಣ ಟೈರು ನೆಟ್ಟಗ ಒಳಗ ಇಳೀತೈತಿ, ಮಳಿಗಾಲದಾಗ ನೀರು ನಿಂತಾಗಂತೂ ಕಾಣೂದ ಇಲ್ಲ, ಅದಕ್ಕ ರೇಸಿಂಗ್ ಸೈಕಲ್ಲಿನ ಶೋಕಿ ಬಿಟ್ಟು ದಪ್ಪ ಟೈರಿನ ಸೈಕಲ್ ತಗೋರಿ.

ಬಲಕ್ಕ ತಿರುಗೂದಿದ್ರ ಸಿಗ್ನಲ್ಲಿನ್ಯಾಗ ಇಳದು ನಡಿಯೋ ಮಂದಿ ಜೋಡಿ ದಾಟ್ರಿ. ಹಾರ್ನ್ ಹೊಡಿಯೋರು ಹೊಡಿಲಿ ಬಿಡ್ರಿ.