ಎಕ್ಸೆಲ್ ಗೊತ್ತಿದ್ದರೆ ಅರ್ಧ ಕೆಲಸ ಆಯ್ತು

ಅಕೌಂಟ್ಸ್ ಕೆಲಸ, ಕೋಡಿಂಗ್ ಗಂಧಗಾಳಿ ಇಲ್ಲ, ಬೆಲೆಯ 20 ದಿನಗಳ ಸರಾಸರಿ 50 ದಿನಗಳ ಸರಾಸರಿಯನ್ನು ದಾಟಿ ಮೇಲೆ ಹೋದಾಗ ಷೇರು ಕೊಳ್ಳುವ ಐಡಿಯಾ ಪರೀಕ್ಷಿಸಬೇಕು, ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಮೊಬೈಲಲ್ಲೇ ಪೈಥಾನ್ ಅನ್ನೋ ಕೋಡಿಂಗ್ ಭಾಷೆ ಕಲಿಯಬಹುದಾ ಅಂತ ಕೇಳಿದ್ದೀರಿ. ಲೋಕಲ್‌ನಲ್ಲಿ ಬೇಡ. ಬೆಳಗಿನ ಫಾಸ್ಟ್‌ನಲ್ಲಿ ಕೈ ಎತ್ತೋಕೇ ಜಾಗ ಇರಲ್ಲ, ಇನ್ನು ಟೈಪ್ ಮಾಡೋದೆಲ್ಲಿ!

ಮೊದಲು ಎಕ್ಸೆಲ್‌ನಲ್ಲೇ ಮಾಡಿ. ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ವೆಬ್‌ಸೈಟಿನಿಂದ ಒಂದು ಷೇರಿನ ಹಳೆಯ ಬೆಲೆಗಳನ್ನು ಇಳಿಸಿಕೊಳ್ಳಿ. ಎರಡು ಸರಾಸರಿ ಕಾಲಂ, ಕೊಳ್ಳುವ ಸಿಗ್ನಲ್ ತೋರಿಸೋಕೆ ಒಂದು ಇಫ್ ಫಾರ್ಮುಲಾ, ಅಷ್ಟೇ. ಆಮೇಲೆ ಅದನ್ನೇ ಪೈಥಾನ್‌ನಲ್ಲಿ ಟೇಬಲ್ ಲೆಕ್ಕಕ್ಕೆಂದೇ ಇರುವ ಪಾಂಡಾಸ್ ಲೈಬ್ರರಿ ಬಳಸಿ ಬರೆಯಿರಿ. ಎರಡರ ಉತ್ತರ ತಾಳೆಯಾಗಬೇಕು. ತಾಳೆ ನೋಡೋದು ನಿಮಗೇನು ಹೊಸದಲ್ಲ ಅಲ್ವಾ?

ಜಾಸ್ತಿ ಜನ ಎಡವೋದು ಒಂದೇ ಕಡೆ. ಇವತ್ತಿನ ಕ್ಲೋಸ್ (ದಿನದ ಮುಕ್ತಾಯದ ಬೆಲೆ) ನೋಡಿ ಸಿಗ್ನಲ್ ತೆಗೆದು, ಅದೇ ಕ್ಲೋಸ್‌ಗೆ ಕೊಂಡ ಹಾಗೆ ಲೆಕ್ಕ ಹಾಕುತ್ತಾರೆ. 3.30ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲೆ ಕೊಳ್ಳೋದು ಹೇಗೆ? ಸಿಗ್ನಲ್ ಕಾಲಂ ಅನ್ನು ಒಂದು ಸಾಲು ಕೆಳಗೆ, ಅಂದರೆ ಮರುದಿನದ ಸಾಲಿಗೆ ಸರಿಸಿ, ಆ ದಿನದ ಓಪನ್ (ಆರಂಭದ) ಬೆಲೆ ಹಿಡಿಯಿರಿ. ಪಾಂಡಾಸ್‌ನಲ್ಲಿ ಇದಕ್ಕೆ ಶಿಫ್ಟ್ ಅನ್ನೋ ಕಮಾಂಡ್ ಇದೆ. ಡೆಲಿವರಿಗೆ, ಅಂದರೆ ಅದೇ ದಿನ ಮಾರದೆ ಷೇರು ಇಟ್ಟುಕೊಳ್ಳೋಕೆ, ಕೊಳ್ಳುವಾಗ 0.1%, ಮಾರುವಾಗ 0.1% ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕಳೆಯಿರಿ. ನಡುವೆ ಬೆಲೆ ದಿಢೀರ್ ಅರ್ಧವಾಗಿದ್ದರೆ ಗಾಬರಿ ಬೇಡ, ಬೋನಸ್ (ಕಂಪನಿ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಅಥವಾ ಸ್ಪ್ಲಿಟ್ (ಒಂದು ಷೇರನ್ನು ಹಲವು ಮಾಡೋದು) ಆಗಿದೆಯಾ ಮೊದಲು ನೋಡಿ.